ಹತ್ತು ವರ್ಷಕ್ಕೆಂದು ಕಟ್ಟಿದ ಮನೆ

ಬಂಗಲೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಾಂಪೌಂಡು, ಕಂಬಗಳ ವರಾಂಡ, ಬಾಗಿಲಲ್ಲೊಬ್ಬ ಜವಾನ. ಬಂಗಾಳದ ಹುಲ್ಲುಮಾಡಿನ ಮನೆಯಿಂದ ಹುಟ್ಟಿದ ಈ ಶಬ್ದ ಇಂಗ್ಲಿಷರ ಜತೆ ಕಡಲು ದಾಟಿದ ಮೇಲೆ ಬೇರೆಯೇ ಅರ್ಥ ಪಡೆಯಿತು. ಅಲ್ಲಿ ಮಹಡಿಯಿಲ್ಲದ ಸಣ್ಣ ಮನೆಯೂ ಬಂಗಲೆಯೇ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳಲ್ಲಿ ಮಾಡಿಸಿ, ಲಾರಿಗಳಲ್ಲಿ ಸಾಗಿಸಿ, ಬಾಂಬು ಬಿದ್ದ ಊರುಗಳಲ್ಲಿ ಸಾಲಾಗಿ ನಿಲ್ಲಿಸಿದ್ದು ಇಂಥ ಪುಟ್ಟ ಬಂಗಲೆಗಳನ್ನು. ಜನ ಅವನ್ನು ‘ಪ್ರಿಫ್ಯಾಬ್’ ಎಂದು ಕರೆದರು. ಅವುಗಳ ಆಯುಸ್ಸನ್ನು ಮೊದಲೇ ಗೊತ್ತುಮಾಡಲಾಗಿತ್ತು: 10 ವರ್ಷ, ಹೆಚ್ಚೆಂದರೆ 15. ಆದರೆ ಅವುಗಳಲ್ಲಿ ಕೆಲವು 70 ವರ್ಷ ದಾಟಿದವು. ತಾತ್ಕಾಲಿಕವೆಂದು ಕಟ್ಟಿದ ಮನೆ ಇಷ್ಟು ಕಾಲ ಉಳಿದದ್ದು ಹೇಗೆ?

1940ರ ಸೆಪ್ಟೆಂಬರಿನಲ್ಲಿ ಆರಂಭವಾದ ಜರ್ಮನರ ವಿಮಾನದಾಳಿ, 1944ರ ಹಾರುವ ಬಾಂಬುಗಳು ಎಲ್ಲ ಸೇರಿ ಬ್ರಿಟನ್ನಿನಲ್ಲಿ ಸುಮಾರು ನಾಲ್ಕೂವರೆ ಲಕ್ಷ ಮನೆಗಳು ವಾಸಕ್ಕೆ ಬಾರದಂತಾದವು. ಯುದ್ಧದ ವರ್ಷಗಳಲ್ಲಿ ಹೊಸ ಮನೆ ಕಟ್ಟುವ ಕೆಲಸ ಬಹುಮಟ್ಟಿಗೆ ನಿಂತೇಹೋಗಿತ್ತು. ರಣರಂಗದಿಂದ ಮರಳುವ ಸೈನಿಕರಿಗೆ ಸೂರು ಬೇಕು, ಗಾರೆಯವರು, ಬಡಗಿಗಳು ಸಿಗುವುದಿಲ್ಲ, ಮರಮುಟ್ಟಿಗೂ ಅಭಾವ. ಇನ್ನೊಂದೆಡೆ, ಯುದ್ಧ ಮುಗಿದೊಡನೆ ವಿಮಾನ ಕಾರ್ಖಾನೆಗಳಿಗೆ ಕೆಲಸವಿರುವುದಿಲ್ಲ. ವಿಮಾನ ಮಾಡಿದ ಕೈಗಳು ಮನೆಯನ್ನೇಕೆ ಮಾಡಬಾರದು? 1944ರ ಮಾರ್ಚಿಯಲ್ಲಿ ಪ್ರಧಾನಿ ಚರ್ಚಿಲ್ ರೇಡಿಯೋ ಭಾಷಣದಲ್ಲಿ ಐದು ಲಕ್ಷದವರೆಗೆ ಇಂಥ ಮನೆಗಳ ಭರವಸೆ ಕೊಟ್ಟರು. ಅದೇ ವರ್ಷ ಕಾನೂನೂ ಆಯಿತು, 15 ಕೋಟಿ ಪೌಂಡು ಮೀಸಲಾಯಿತು.

ಮೊದಲ ಮಾದರಿ ಉಕ್ಕಿನದು. ಕಾಮಗಾರಿ ಸಚಿವ ಲಾರ್ಡ್ ಪೋರ್ಟಲ್ ಅವರ ಹೆಸರನ್ನೇ ಹೊತ್ತ ಅದನ್ನು ಲಂಡನ್ನಿನ ಟೇಟ್ ಗ್ಯಾಲರಿಯ ಬಳಿ ಜನರಿಗೆ ತೋರಿಸಲಾಯಿತು. ಉಕ್ಕಿನ ಕೊರತೆಯಿಂದ ಅದು ಮಾದರಿಯಾಗಿಯೇ ಉಳಿಯಿತು. ಆದರೆ ಅದರ ಕಲ್ಪನೆ ಮುಂದಿನ ಮನೆಗಳಿಗೆ ದಾರಿ ತೋರಿತು. ಉಕ್ಕಿನ ಚೌಕಟ್ಟಿಗೆ ಕಲ್ನಾರು ಸಿಮೆಂಟಿನ ಹಾಳೆ ಹೊದಿಸಿದ ‘ಆರ್ಕಾನ್’, ಮರದ ಚೌಕಟ್ಟಿನ ‘ಯೂನಿ-ಸೆಕೊ’, ಕಾಂಕ್ರೀಟ್ ಹಲಗೆಗಳ ‘ಟಾರನ್’, ಅಲ್ಯೂಮಿನಿಯಮ್ಮಿನ ‘ಏರೋ’ — ಹೀಗೆ ಹಲವು ಬಗೆಗಳು ಬಂದವು.

ಸಾಮಾನ್ಯವಾಗಿ ಈ ಮನೆಗಳ ವಿಸ್ತೀರ್ಣ 635 ಚದರ ಅಡಿಯ ಆಸುಪಾಸು; ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಆರು ಚದರಕ್ಕೆ ತುಸು ಹೆಚ್ಚು. ಎರಡು ಮಲಗುವ ಕೋಣೆ, ಒಂದು ಹಜಾರ, ಅಡುಗೆಮನೆ, ಬಚ್ಚಲು, ಶೌಚಾಲಯ. ಈ ವಿನ್ಯಾಸದ ಜಾಣ್ಮೆಯಿದ್ದದ್ದು ಅಡುಗೆಮನೆ ಮತ್ತು ಬಚ್ಚಲಿನ ನಡುವಿನ ಗೋಡೆಯಲ್ಲಿ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ನಡುವೆ ನೀರಿನ ಕೊಳವೆಗಳನ್ನೆಲ್ಲ ಅಡಕಮಾಡಿದ ಒಂದೇ ಘಟಕವನ್ನು ಕಾರ್ಖಾನೆಯಲ್ಲೇ ಸಿದ್ಧಪಡಿಸುತ್ತಿದ್ದರು. ಬಿಸಿನೀರಿನ ವ್ಯವಸ್ಥೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಅದರೊಂದಿಗೇ ಬರುತ್ತಿದ್ದವು. ಬಹುಪಾಲು ಮನೆಗಳಲ್ಲಿ ರೆಫ್ರಿಜರೇಟರ್ ಕೂಡ ಇರುತ್ತಿತ್ತು. ಕೊಳಾಯಿ ಕೆಲಸದವರು ಸಿಗದ ಕಾಲದಲ್ಲಿ, ಮನೆ ನಿಲ್ಲಿಸುವ ಜಾಗದಲ್ಲಿ ಉಳಿಯುತ್ತಿದ್ದ ಕೆಲಸವೆಂದರೆ ಈ ಘಟಕವನ್ನು ಹೊರಗಿನ ಕೊಳವೆಗಳಿಗೆ ಜೋಡಿಸುವುದಷ್ಟೆ.

ಏರೋ ಮನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರಿಸ್ಟಲ್ ವಿಮಾನ ಕಂಪನಿಯಂಥ ಕಾರ್ಖಾನೆಗಳಲ್ಲಿ ತಯಾರಾದ ಅದು ನಾಲ್ಕು ತುಂಡುಗಳಾಗಿ, ಬಣ್ಣ, ಕಿಟಕಿ, ವಿದ್ಯುತ್ ತಂತಿಗಳ ಸಮೇತ ನಾಲ್ಕು ಲಾರಿಗಳಲ್ಲಿ ಬರುತ್ತಿತ್ತು. ಮೊದಲೇ ಹಾಕಿಟ್ಟ ಅಡಿಪಾಯದ ಮೇಲೆ ಕ್ರೇನಿನಿಂದ ಇಳಿಸಿ ಬೋಲ್ಟು ಬಿಗಿದರೆ ಮನೆ ಸಿದ್ಧ. ಈ ಬಗೆಯವೇ 54 ಸಾವಿರಕ್ಕೂ ಹೆಚ್ಚು ಬಂದವು.

ಹೊರಗಿನಿಂದ ನೋಡಿದವರಿಗೆ ಇವು ಡಬ್ಬಿಗಳಂತೆ ಕಂಡವು. ಒಳಗೆ ಕಾಲಿಟ್ಟ ಸಂಸಾರಗಳಿಗೆ ಬೇರೆಯೇ ಲೋಕ ತೆರೆಯಿತು. 1951ರ ಜನಗಣತಿಯ ಹೊತ್ತಿಗೂ ಬ್ರಿಟನ್ನಿನ ಮೂರು ಕುಟುಂಬಗಳಲ್ಲಿ ಒಂದಕ್ಕಿಂತ ಹೆಚ್ಚಿನವಕ್ಕೆ ಮನೆಯೊಳಗೆ ಸ್ನಾನದ ತೊಟ್ಟಿಯಿರಲಿಲ್ಲ. ಹಿತ್ತಲ ಶೌಚಾಲಯಕ್ಕೆ ಚಳಿಯಲ್ಲಿ ನಡೆದು ಹೋಗುತ್ತಿದ್ದ ಕಾರ್ಮಿಕರಿಗೆ ನಲ್ಲಿಯಲ್ಲಿ ಬಿಸಿನೀರು ಬಂತು. ಸುತ್ತ ತರಕಾರಿ ಬೆಳೆಯಲು ಒಂದಿಷ್ಟು ನೆಲವೂ ಸಿಕ್ಕಿತು. ಮುಂದೆ ಲೇಬರ್ ಪಕ್ಷದ ನಾಯಕರಾದ ನೀಲ್ ಕಿನ್ನಕ್ ವೇಲ್ಸಿನ ಟ್ರೆಡೀಗರ್ ಪಟ್ಟಣದಲ್ಲಿ ಬೆಳೆದದ್ದು ಇಂಥ ಮನೆಯಲ್ಲಿಯೇ.

ಯೋಜನೆಯಲ್ಲಿ ಕುಂದುಗಳಿಲ್ಲದಿರಲಿಲ್ಲ. ಐದು ಲಕ್ಷದ ಮಾತು 1949ರ ವೇಳೆಗೆ 1,56,623 ಮನೆಗಳಿಗೆ ನಿಂತಿತು. ಕಾರ್ಖಾನೆಯ ಮನೆ ಅಗ್ಗವಾದೀತೆಂಬ ಲೆಕ್ಕವೂ ತಪ್ಪಿತು. ಏರೋ ಮನೆಯೊಂದರ ವೆಚ್ಚ 1,600 ಪೌಂಡು ದಾಟಿತು. ತೆಳುಗೋಡೆಗಳು ಚಳಿಗಾಲದಲ್ಲಿ ಬೆವರುತ್ತಿದ್ದವು. ಹೊದಿಕೆಗೆ ಬಳಸಿದ ಕಲ್ನಾರು ಆರೋಗ್ಯಕ್ಕೆ ಮಾರಕವಾದದ್ದು. ಯುದ್ಧಾನಂತರ ವಸತಿಯ ಹೊಣೆ ಹೊತ್ತ ಸಚಿವ ಅನೈರಿನ್ ಬೆವನ್ ಅವರಿಗೂ ಇವು ಮೆಚ್ಚುಗೆಯಾಗಿರಲಿಲ್ಲ. ಅವರ ಒಲವಿದ್ದದ್ದು ಶಾಶ್ವತವಾದ ಇಟ್ಟಿಗೆ ಮನೆಗಳತ್ತ.

ಆದರೂ ಅವು ಉಳಿದವು. ಶಾಶ್ವತ ಮನೆಗಳು ಬೇಕಾದಷ್ಟು ಬೇಗ ಬರಲಿಲ್ಲ ಎಂಬುದು ಒಂದು ಕಾರಣ. ಬಂದಾಗಲೂ ಎಷ್ಟೋ ಜನ ತೋಟವನ್ನೂ ನೆರೆಹೊರೆಯನ್ನೂ ಬಿಟ್ಟು ಬಹುಮಹಡಿ ಕಟ್ಟಡಕ್ಕೆ ಹೋಗಲು ಒಪ್ಪಲಿಲ್ಲ ಎಂಬುದು ಇನ್ನೊಂದು. ದಕ್ಷಿಣ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಯುದ್ಧಕೈದಿಗಳೂ ಕೈಜೋಡಿಸಿ ನಿಲ್ಲಿಸಿದ್ದ 187 ಮನೆಗಳ ಬಡಾವಣೆಯನ್ನು ಕೆಡವಬೇಕೆಂದಾಗ ನಿವಾಸಿಗಳೇ ಎರಡು ಪಾಳಿಯಾದರು. 2010ರ ಮತದಾನದಲ್ಲಿ ಬಹುಮತ ಕೆಡವುವುದರ ಪರ ಬಂತು. ಆದರೆ ಅಲ್ಲಿನ 6 ಮನೆಗಳು 2009ರಲ್ಲೇ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದವು. ಬರ್ಮಿಂಗ್‌ಹ್ಯಾಮಿನ 16 ಮನೆಗಳಿಗೆ ಆ ಮನ್ನಣೆ 1998ರಲ್ಲೇ ದೊರೆತಿತ್ತು.

ಸಂರಕ್ಷಿತ ಎಂಬ ಫಲಕ ತಗಲಿಸುವಂಥ ಸೌಂದರ್ಯ ಈ ಮನೆಗಳಿಗೇನೂ ಇಲ್ಲ. ಕಾಪಾಡಲು ಯೋಗ್ಯವಾದದ್ದು ಅವುಗಳ ಹಿಂದಿನ ತೀರ್ಮಾನ: ಮನೆ ಕಳೆದುಕೊಂಡವರಿಗೆ ಹತ್ತೇ ವರ್ಷಕ್ಕೆ ಸೂರು ಕೊಡುವಾಗಲೂ ಒಳಗೊಂದು ಬಚ್ಚಲು, ಬಿಸಿನೀರು, ಬಾಗಿಲ ಮುಂದೆ ಒಂದು ತುಂಡು ನೆಲ ಇರಬೇಕು ಎಂಬುದು. ಸಂಕಷ್ಟದ ಹೊತ್ತಿನಲ್ಲಿ ‘ಸದ್ಯಕ್ಕೆ ಇಷ್ಟು ಸಾಕು’ ಎನ್ನುವ ಯಾವ ಸರ್ಕಾರವೂ ಇದನ್ನು ನೆನೆಯಬಹುದು. ಸದ್ಯಕ್ಕೆಂದು ಕೊಟ್ಟ ಮನೆಯಲ್ಲೇ ಮಕ್ಕಳು ಹುಟ್ಟಿ ಬೆಳೆಯುತ್ತಾರೆ.