ಡೋವರಿನಲ್ಲೇ ಶುರು ಫ್ರಾನ್ಸ್!

ಫ್ರಾನ್ಸ್ ಎಲ್ಲಿಂದ ಶುರುವಾಗುತ್ತದೆ? ಭೂಪಟ ನೋಡಿದವರು ಇಂಗ್ಲಿಷ್ ಕಡಲ್ಗಾಲುವೆಯ ಆಚೆ ದಡಕ್ಕೆ ಬೆರಳಿಡುತ್ತಾರೆ. ಕಾನೂನು ಓದಿದವರು ಕಡಲ ನಡುವೆ ಗೆರೆ ಎಳೆಯುತ್ತಾರೆ. ಇಬ್ಬರೂ ಒಮ್ಮೆ ಕಾರು ಹತ್ತಿ ಡೋವರ್ ಬಂದರಿಗೆ ಹೋಗಿ ನೋಡಬೇಕು! ಹಡಗು ಏರುವುದಕ್ಕೆ ಇನ್ನೂ ಹೊತ್ತಿದೆ. ಚಕ್ರದಡಿ ಅಪ್ಪಟ ಇಂಗ್ಲೆಂಡಿನ ಡಾಂಬರು. ತಲೆಯ ಮೇಲೆ ಆ ಜಗತ್ಪ್ರಸಿದ್ಧ ಬಿಳಿ ಬಂಡೆಗಳು. ಸಾಲು ಮುಂದೆ ಸರಿಯುತ್ತದೆ, ಗಾಜಿನ ಗೂಡೊಂದು ಎದುರಾಗುತ್ತದೆ, ಕಿಟಕಿ ಇಳಿಸಿದರೆ ಒಳಗೆ ಕೂತವರು ಫ್ರಾನ್ಸಿನ ಗಡಿ ಪೊಲೀಸರು! ‘ಬೊಂಜೂರ್’ ಎಂದು ಕೈ ಚಾಚುತ್ತಾರೆ. ಇಂಗ್ಲೆಂಡಿನಲ್ಲಿ ನಿಂತಿರುವಾಗಲೇ ಫ್ರಾನ್ಸಿನ ಪ್ರವೇಶ ಪರೀಕ್ಷೆ ಮುಗಿದುಹೋಗುತ್ತದೆ.

ನಾನು ನಂಬಲಾರದೆ ಸುತ್ತ ನೋಡಿದೆ. ಹಿಂದೆ ಕೆಂಟ್ ಜಿಲ್ಲೆಯ ರಸ್ತೆ, ಮುಂದೆ ಹಡಗು, ನಡುವೆ ಇವರು.

ಇದು ಇಬ್ಬರು ನೆರೆಯವರ ಒಪ್ಪಂದ. 2003ರ ಫೆಬ್ರವರಿ 4ರಂದು ಫ್ರಾನ್ಸಿನ ಲ ತೂಕೆ ಎಂಬ ಕಡಲತೀರದ ಊರಿನಲ್ಲಿ ಎರಡೂ ಸರ್ಕಾರಗಳು ಸಹಿ ಹಾಕಿದವು: ನಿಮ್ಮ ಅಧಿಕಾರಿಗಳು ನಮ್ಮ ಬಂದರಿನಲ್ಲಿ ಕೂರಲಿ, ನಮ್ಮವರು ನಿಮ್ಮ ಬಂದರಿನಲ್ಲಿ ಕೂರುತ್ತಾರೆ. ಹಾಗಾಗಿ ಡೋವರಿನಲ್ಲಿ ಫ್ರೆಂಚರು, ಕ್ಯಾಲೆ ಮತ್ತು ಡನ್ಕರ್ಕ್‌ಗಳಲ್ಲಿ ಬ್ರಿಟನ್ನಿನ ಬಾರ್ಡರ್ ಫೋರ್ಸ್. ತಮ್ಮ ದೇಶದ ಸಮವಸ್ತ್ರ ತೊಟ್ಟು, ತಮ್ಮ ದೇಶದ ವಲಸೆ ಕಾನೂನನ್ನೇ ಪರದೇಶದ ನೆಲದಲ್ಲಿ ಜಾರಿಗೊಳಿಸುತ್ತಾರೆ! ಒಪ್ಪಂದದಲ್ಲಿ ಇನ್ನೊಂದು ಸೂಕ್ಷ್ಮವಿದೆ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಅದು. ಈ ತಪಾಸಣಾ ವಲಯದಲ್ಲಿ ಯಾರಾದರೂ ಆಶ್ರಯ ಕೋರಿದರೆ ಆ ಅರ್ಜಿಯ ಹೊಣೆ ಹೊರಡುವ ದೇಶದ್ದು, ತಲುಪುವ ದೇಶದ್ದಲ್ಲ. ಕ್ಯಾಲೆಯಲ್ಲಿ ಬ್ರಿಟಿಷ್ ಅಧಿಕಾರಿಯ ಎದುರು ನಿಂತು ಕೇಳಿಕೊಂಡರೂ ಅದನ್ನು ಪರಿಶೀಲಿಸಬೇಕಾದದ್ದು ಫ್ರಾನ್ಸ್. ರಜೆಗೆ ಹೊರಟ ನಮಗೆ ಕೆಲವು ನಿಮಿಷಗಳ ಸಾಲು. ದೇಶ ಕಳೆದುಕೊಂಡವರಿಗೆ ಅದೇ ಗೂಡು ಇಡೀ ಬದುಕಿನ ಪ್ರಶ್ನೆ. ಕ್ಯಾಲೆಯ ಬಂದರಿನ ಸುತ್ತ ಎದ್ದ ಎತ್ತರದ ಬೇಲಿಗಳನ್ನು ನೋಡಿದಾಗ ಆ ಮಾತು ಎದೆಗೆ ತಾಗುತ್ತದೆ.

ಗೂಡಿನ ಮುಂದಿನ ಆ ಎರಡು ನಿಮಿಷ ನೋಡಬೇಕು. ಇಡೀ ಕಾರಿನ ಪಾಸ್‌ಪೋರ್ಟುಗಳು ಒಂದೇ ಕಟ್ಟಾಗಿ ಕಿಟಕಿಯಿಂದ ಹೊರಹೋಗುತ್ತವೆ. ಬ್ರಿಟನ್ನಿನಲ್ಲಿ ನೆಲೆಸಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಕನ್ನಡಿಗರ ಮನೆಗಳಲ್ಲಿ ಈ ಕಟ್ಟು ತಿಂಗಳುಗಟ್ಟಲೆಯ ತಯಾರಿಯ ಫಲ. ಬ್ರಿಟಿಷ್ ವೀಸಾ ಆಚೆ ದಡದಲ್ಲಿ ನಡೆಯುವುದಿಲ್ಲ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಶೆಂಗೆನ್ ವೀಸಾ ಬೇರೆಯೇ ಬೇಕು. ಅಧಿಕಾರಿ ಹಾಳೆ ತಿರುವಿ ಆ ಹಸಿರು ಛಾಯೆಯ ಸ್ಟಿಕರ್ ಹುಡುಕುತ್ತಾರೆ, ಯಂತ್ರದ ಮೇಲಿಡುತ್ತಾರೆ, ಹಳೆಯ ಠಸ್ಸೆಗಳ ಮೇಲೆ ಕಣ್ಣಾಡಿಸುತ್ತಾರೆ. ಆ ದೇಶಗಳಲ್ಲಿ ತಂಗುವುದು 180 ದಿನಗಳಲ್ಲಿ 90 ದಿನ ಮೀರುವಂತಿಲ್ಲವಲ್ಲ! ಆಮೇಲೆ ಹಿಂದಿನ ಸೀಟಿನ ಕಿಟಕಿ ಇಳಿಸಲು ಸನ್ನೆ. ಬಾಯ್ತೆರೆದು ಮಲಗಿದ ಮಗುವಿನ ಮುಖವನ್ನೂ, ಹಸುಗೂಸಾಗಿದ್ದಾಗ ತೆಗೆದ ಅದರ ಫೋಟೋವನ್ನೂ ತಾಳೆ ನೋಡುತ್ತಾರೆ. ಇನ್ನು ಈ ಠಸ್ಸೆಗಳ ಕಾಲವೂ ಮುಗಿಯುತ್ತ ಬಂದಿದೆ. 2025ರ ಅಕ್ಟೋಬರ್ 12ರಿಂದ ಯುರೋಪು ಹಂತಹಂತವಾಗಿ ಹೊಸ ವ್ಯವಸ್ಥೆ ತಂದಿದೆ. ಬೆರಳಚ್ಚು, ಮುಖದ ಚಿತ್ರ, ಬಂದ ದಿನ, ಹೋದ ದಿನ ಎಲ್ಲವೂ ಕಂಪ್ಯೂಟರಿಗೆ.

ಮುಂದೆ ಹಡಗು ಕಂಪನಿಯ ಚೆಕ್-ಇನ್. ಅವರು ಕೊಡುವ ಲೇನ್ ಸಂಖ್ಯೆಯ ಸಾಲಿನಲ್ಲಿ ಕಾಯುವುದು. ಆಮೇಲೆ ಆ ರೋಮಾಂಚನ: ಬಾಯಿ ತೆರೆದ ಹಡಗಿನೊಳಕ್ಕೆ ನಾವೇ ಕಾರು ಓಡಿಸಿಕೊಂಡು ಹೋಗುವುದು! ಸಿಗಂದೂರಿನ ಲಾಂಚಿಗೆ ಶರಾವತಿ ಹಿನ್ನೀರಿನಲ್ಲಿ ಕಾರು ಹತ್ತಿಸಿದವರಿಗೆ ಆ ಪುಳಕ ಗೊತ್ತು. ಇಲ್ಲಿ ಅದೇ ಪುಳಕ ಮಹಡಿ ಮಹಡಿಯಾಗಿ ಎದ್ದು ನಿಂತಿದೆ, ಭಾರಿ ಲಾರಿಗಳ ಸಾಲುಗಳೂ ಕಾರುಗಳ ಸಾಲುಗಳೂ ಒಟ್ಟಿಗೇ ಹೊಟ್ಟೆಯೊಳಗೆ ಇಳಿಯುತ್ತವೆ. ಡೋವರಿನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಸುಮಾರು 6 ಮೀಟರ್ ಏರಿಳಿಯುತ್ತದೆ. ಎರಡಂತಸ್ತಿನ ಮನೆಯೆತ್ತರ ಮೇಲೆ ಕೆಳಗೆ ಆಡುವ ಹಡಗಿಗೂ ಅಲುಗದ ದಡಕ್ಕೂ ಸೇತುವೆ ಹಾಕುವುದು ಲಿಂಕ್‌ಸ್ಪ್ಯಾನ್ ಎಂಬ ಕೀಲು ರಸ್ತೆ. 1928ರಲ್ಲಿ ಕ್ಯಾಪ್ಟನ್ ಸ್ಟುವರ್ಟ್ ಟೌನ್‌ಸೆಂಡ್ ಕಲ್ಲಿದ್ದಲು ಹಡಗೊಂದನ್ನು ಬಾಡಿಗೆಗೆ ಹಿಡಿದು ಈ ದಾರಿಯಲ್ಲಿ ಕಾರು ಸಾಗಿಸಲು ಹೊರಟಾಗ ಒಂದೊಂದು ಕಾರನ್ನೂ ಕ್ರೇನ್ ಎತ್ತಿ ಇಳಿಸಬೇಕಿತ್ತು. ಡೋವರಿನಲ್ಲಿ ಕಾರನ್ನು ನೇರ ಓಡಿಸಿಕೊಂಡು ಹೋಗುವ ಟರ್ಮಿನಲ್ ಬಂದದ್ದು 1953ರಲ್ಲಿ.

ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಅಲಾರಂ ಆರಿಸಿ ಮೇಲೆ ಹೋಗಬೇಕು. ಪಯಣದುದ್ದಕ್ಕೂ ಕಾರ್ ಡೆಕ್‌ಗೆ ಯಾರನ್ನೂ ಬಿಡುವುದಿಲ್ಲ. ಹಡಗಿನ ಬಾಗಿಲು ಮುಚ್ಚಿದೆಯೇ ಎಂಬುದನ್ನು ಮೇಲೆ ಹಡಗು ನಡೆಸುವ ಕೊಠಡಿಯಾದ ಬ್ರಿಜ್‌ನಲ್ಲಿ ದೀಪಗಳು ತೋರಿಸುತ್ತವೆ. ಆ ದೀಪಗಳ ಹಿಂದೆ ದೊಡ್ಡ ದುಃಖವಿದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ಗೆಯಿಂದ ಡೋವರಿಗೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರಿ ಮುಂಬಾಗಿಲು ತೆರೆದೇ ಹೊರಟು ಮಗುಚಿತು. 193 ಜನ ತೀರಿಕೊಂಡರು.

ಹಡಗು ದಡ ಬಿಡುತ್ತದೆ. ಈಗ ಡೆಕ್ಕಿನ ಕಂಬಿ ಹಿಡಿದು ಹಿಂದಕ್ಕೆ ನೋಡಿ! ಆ ಬಿಳಿ ಬಂಡೆ 100 ಮೀಟರಿಗೂ ಎತ್ತರದ ಸೀಮೆಸುಣ್ಣ. ಡೈನೋಸಾರ್‌ಗಳ ಕಾಲದ ಬೆಚ್ಚಗಿನ ಕಡಲಲ್ಲಿ ಬದುಕಿದ, ಬರಿಗಣ್ಣಿಗೆ ಕಾಣದ ಪಾಚಿಗಳ ಚಿಪ್ಪು ತಳಕ್ಕಿಳಿದು ಇಳಿದು ಬೆಟ್ಟವಾದದ್ದು. ಮುಂದಕ್ಕೆ ತಿರುಗಿದರೆ ಕ್ಯಾಲೆಯ ಪಕ್ಕದ ಕಾಪ್ ಬ್ಲಾಂ-ನೇ ಬಂಡೆ. ಅದೇ ಸೀಮೆಸುಣ್ಣ, ಅದೇ ಬಿಳುಪು! ಒಂದು ಕಾಲಕ್ಕೆ ಇವೆರಡೂ ಒಂದೇ ಬೆಟ್ಟಸಾಲು. ಬ್ರಿಟನ್ ದ್ವೀಪವೇ ಆಗಿರಲಿಲ್ಲ, ಜನ, ಪ್ರಾಣಿಗಳು ನಡೆದೇ ದಾಟಬಹುದಿತ್ತು. ಸುಮಾರು 4,50,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಈಗಿನ ಉತ್ತರ ಸಮುದ್ರದ ಜಾಗದಲ್ಲಿ ಮಂಜುಗಡ್ಡೆಯ ಗೋಡೆಗೂ ಈ ಬೆಟ್ಟಸಾಲಿಗೂ ನಡುವೆ ದೈತ್ಯ ಸರೋವರ ತುಂಬಿತು. ಕಟ್ಟೆ ಮೀರಿ ಜಲಪಾತಗಳಾಗಿ ಧುಮುಕಿತು. ನೀರು ಬಿದ್ದ ಬುಡದಲ್ಲಿ ಸುಮಾರು 100 ಮೀಟರ್ ಆಳದ, ಕಿಲೋಮೀಟರುಗಟ್ಟಲೆ ಅಗಲದ ಗುಂಡಿಗಳಾದವು. 1960ರ ದಶಕದಲ್ಲಿ ಕಡಲಡಿಯ ಸುರಂಗಕ್ಕೆಂದು ಸಮೀಕ್ಷೆ ನಡೆಸಿದ ಎಂಜಿನಿಯರುಗಳಿಗೆ ಕಡಲ ತಳದಲ್ಲಿ ಹೂಳು ತುಂಬಿದ ಆ ಗುಂಡಿಗಳ ಸಾಲು ಸಿಕ್ಕಿತ್ತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಜೀವ್ ಗುಪ್ತಾ, ಜೆನ್ನಿ ಕೋಲಿಯರ್ ಮತ್ತು ಸಂಗಡಿಗರು 2017ರಲ್ಲಿ ಅವು ಜಲಪಾತದ ಗುರುತುಗಳೆಂದು ವಾದಿಸಿ ಪುರಾವೆ ಮುಂದಿಟ್ಟರು. ನಮ್ಮ ಹಡಗು ತೇಲುತ್ತಿರುವುದು ಹಳೆಯ ಜಲಪಾತಗಳ ಮೇಲೆ! ಊಟದ ಸಾಲಿನಲ್ಲಿ ನಿಂತ ಪ್ರತಿಯೊಬ್ಬರನ್ನೂ ಕರೆದು ಹೇಳಬೇಕೆನಿಸಿತು.

ಈ ಕಡಲು ಜಗತ್ತಿನಲ್ಲೇ ಅತಿ ದಟ್ಟಣೆಯ ಹಡಗು ಹಾದಿಗಳಲ್ಲೊಂದು. ದಿನಕ್ಕೆ 400ಕ್ಕೂ ಹೆಚ್ಚು ವಾಣಿಜ್ಯ ಹಡಗುಗಳು. ನಡುಕಡಲಲ್ಲಿ ರಸ್ತೆಯಂತೆ ಎರಡು ಪಥಗಳಿವೆ. ಇಂಗ್ಲೆಂಡಿನ ಮಗ್ಗುಲಲ್ಲಿ ನೈಋತ್ಯಕ್ಕೆ ಹೋಗುವವು, ಫ್ರಾನ್ಸಿನ ಮಗ್ಗುಲಲ್ಲಿ ಈಶಾನ್ಯಕ್ಕೆ. ಎಡಗಡೆ ಕಾರು ಓಡಿಸುವ ಬ್ರಿಟನ್ ನೀರಿಗಿಳಿದೊಡನೆ ಬಲಗಡೆಗೆ ಸರಿಯಲೇಬೇಕು! ಆ ದೈತ್ಯ ಟ್ಯಾಂಕರುಗಳ ನಡುವೆ ನಮ್ಮ ಫೆರಿ ಆದಷ್ಟು ನೇರ ಅಡ್ಡವಾಗಿ ದಾಟಬೇಕೆಂಬುದು ಅಂತರರಾಷ್ಟ್ರೀಯ ನಿಯಮ. 33 ಕಿಲೋಮೀಟರಿನಷ್ಟೇ ಕಿರಿದಾಗುವ ಜಲಸಂಧಿಯಲ್ಲಿ, ಸುಮಾರು ಒಂದೂವರೆ ಗಂಟೆಯಲ್ಲಿ, ಇಷ್ಟೆಲ್ಲ!

ಕ್ಯಾಲೆ ಬಂತು. ಗಡಿಯಾರ ಒಂದು ಗಂಟೆ ಮುಂದಕ್ಕೆ. ಬಲಬದಿಯಲ್ಲೇ ಓಡಿಸಿ ಎಂದು ನೆನಪಿಸುವ ಫಲಕಗಳು. ಲಿಂಕ್‌ಸ್ಪ್ಯಾನ್ ಗಡಗಡಿಸುತ್ತದೆ, ಚಕ್ರ ದಡ ಮುಟ್ಟುತ್ತದೆ, ಇನ್ನು ಪಾಸ್‌ಪೋರ್ಟಿಗೆ ಸಾಲು ನಿಲ್ಲುವ ಕೆಲಸವಿಲ್ಲ. ಎ16 ಹೆದ್ದಾರಿ ಹಿಡಿದು ಡನ್ಕರ್ಕ್ ದಾಟಿದರೆ ಗಂಟೆಯೊಳಗೆ ಬೆಲ್ಜಿಯಂ. ಅಲ್ಲಿ ಸಾಮಾನ್ಯವಾಗಿ ಗೂಡೂ ಇಲ್ಲ, ಗೇಟೂ ಇಲ್ಲ, ದೇಶದ ಹೆಸರಿನ ನೀಲಿ ಫಲಕವೊಂದು ಸರ್ರನೆ ಹಿಂದೆ ಸರಿಯುತ್ತದೆ ಅಷ್ಟೆ. ಕೆಂಟ್‌ನಲ್ಲಿ ಕಿಟಕಿ ಇಳಿಸಿ ಕೊಟ್ಟ ಆ ಪಾಸ್‌ಪೋರ್ಟ್ ಕಟ್ಟಿನಿಂದ ತೆರೆದದ್ದು ಫ್ರಾನ್ಸ್ ಒಂದೇ ಅಲ್ಲ, ಶೆಂಗೆನ್‌ನ 29 ದೇಶಗಳು. ಪೋರ್ಚುಗಲ್‌ಗೆ ಹೋಗಬೇಕೇ, ಫಿನ್ಲೆಂಡಿಗೆ ಹೋಗಬೇಕೇ ಎಂಬುದನ್ನು ಇನ್ನು ಪೆಟ್ರೋಲ್ ಟ್ಯಾಂಕೂ ವೀಸಾದ ದಿನಗಳೂ ತೀರ್ಮಾನಿಸುತ್ತವೆ!