ಪರದೆ ಮೇಲೆ 404, 502 ಬಂತಾ? ತಪ್ಪು ಯಾರ ಕಡೇದು ಅಂತ ಆ ನಂಬರೇ ಹೇಳುತ್ತೆ

ಪಹಣಿ ತೆಗೆಸೋಕೆ ಹೋದ್ರೆ ‘ಸರ್ವರ್ ಇಲ್ಲ’. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೆ ಹೋದ್ರೆ ‘ಸರ್ವರ್ ಬಿಝಿ’. ಜಿಎಸ್‌ಟಿ ರಿಟರ್ನ್ಸ್ ಕೊನೇ ದಿನ ಕೂತ್ರೆ ‘ಸರ್ವರ್ ಡೌನ್’. ತಾಲ್ಲೂಕಿನ ಯಾವುದೇ ಸೈಬರ್ ಸೆಂಟರ್, ಗ್ರಾಮ ಒನ್ ಕೇಂದ್ರದ ಮುಂದೆ ಅರ್ಧ ಗಂಟೆ ನಿಂತರೂ ಈ ಮಾತು ಕಿವಿಗೆ ಬೀಳುತ್ತೆ.

ಆದರೆ ಪ್ರತಿ ಸಲವೂ ಸರ್ವರ್‌ದೇ ತಪ್ಪಾಗಿರುವುದಿಲ್ಲ. ಕೆಲವೊಮ್ಮೆ ನಾವು ಒತ್ತಿದ ಲಿಂಕೇ ಹಳೇದಾಗಿರುತ್ತೆ, ಕೆಲವೊಮ್ಮೆ ಮೊಬೈಲ್‌ನಲ್ಲಿ ತಾರೀಖು ತಪ್ಪಿರುತ್ತೆ. ನಮ್ಮ ಕಡೆ ತಪ್ಪಿದ್ದಾಗ ಕಾಯುತ್ತಾ ಕೂತರೆ ಒಂದು ದಿನದ ಕೂಲಿ ಹೋಗುತ್ತೆ. ಅವರ ಕಡೆ ತಪ್ಪಿದ್ದಾಗ ಮತ್ತೆ ಮತ್ತೆ ಬಟನ್ ಒತ್ತಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕಟ್ಟಾಗಬಹುದು. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಕಂಪ್ಯೂಟರ್ ಓದಿರಬೇಕಿಲ್ಲ. ಪರದೆ ಮೇಲೆ ಬರುವ ಮೂರಂಕಿ ನಂಬರಿನ ಮೊದಲ ಅಂಕಿ ನೋಡಿದರೆ ಸಾಕು.

4ರಿಂದ ಶುರುವಾದರೆ ಕಳಿಸಿದ ವಿನಂತಿಯಲ್ಲಿ ಸಮಸ್ಯೆ, ಅಂದರೆ ಸಾಮಾನ್ಯವಾಗಿ ನಮ್ಮ ಕಡೆ ನೋಡಬೇಕು. 5ರಿಂದ ಶುರುವಾದರೆ ಸರ್ವರ್ ಕಡೆ ಸಮಸ್ಯೆ, ನಾವು ಕಾಯಬೇಕು. ಇದು ಯಾವುದೋ ಒಂದು ಕಂಪನಿಯ ಲೆಕ್ಕವಲ್ಲ. ಇಡೀ ಪ್ರಪಂಚದ ವೆಬ್‌ಸೈಟ್‌ಗಳು ಪಾಲಿಸುವ ಎಚ್‌ಟಿಟಿಪಿ ಎಂಬ ನಿಯಮದಲ್ಲಿರುವ ಕ್ರಮ.

ವಿನಂತಿ ಹೋಗುವ ದಾರಿ

ನೀವು ಒಂದು ಲಿಂಕ್ ಒತ್ತಿದಾಗ ಏನಾಗುತ್ತೆ ಅನ್ನೋದನ್ನ ತಾಲ್ಲೂಕು ಕಚೇರಿಗೆ ಹೋಲಿಸಿ ನೋಡಬಹುದು. ವೆಬ್ ವಿಳಾಸದಲ್ಲಿ ಮೊದಲ ಓರೆಗೆರೆಗಿಂತ ಹಿಂದೆ ಇರುವ ಹೆಸರು ಕಚೇರಿಯ ವಿಳಾಸ ಇದ್ದಂತೆ. ಓರೆಗೆರೆಯ ಮುಂದೆ ಇರುವುದು ಒಳಗಿನ ವಿಭಾಗದ ಹೆಸರು. ಭೂಮಿ ಶಾಖೆ, ಚುನಾವಣೆ ಶಾಖೆ, ಪಿಂಚಣಿ ಶಾಖೆ ಅಂತ ಇರುತ್ತಲ್ಲ, ಹಾಗೆ.

ಮೊದಲು ಬ್ರೌಸರ್ ಆ ಹೆಸರಿನ ಕಚೇರಿ ಎಲ್ಲಿದೆ ಅಂತ ಹುಡುಕುತ್ತೆ. ಇದಕ್ಕೆ ಡಿಎನ್‌ಎಸ್ ಅಂತಾರೆ, ಇಂಟರ್‌ನೆಟ್‌ನ ವಿಳಾಸ ಪುಸ್ತಕ. ಕಚೇರಿ ಸಿಕ್ಕ ಮೇಲೆ ಬಾಗಿಲಲ್ಲಿ ಒಬ್ಬ ಗುಮಾಸ್ತ ನಿಮ್ಮ ಅರ್ಜಿ ನೋಡಿ ‘ಇದು ಆ ಕೋಣೆಗೆ ಹೋಗಬೇಕು’ ಅಂತ ಒಳಗೆ ಕಳಿಸುತ್ತಾನೆ. ವೆಬ್ ಭಾಷೆಯಲ್ಲಿ ಇದೇ ರೂಟಿಂಗ್. ಒಳಗಿನ ವಿಭಾಗ ಕೆಲಸ ಮುಗಿಸಿ ಉತ್ತರ ಕೊಟ್ಟರೆ ಅದು ನಿಮ್ಮ ಪರದೆಗೆ ಬರುತ್ತೆ. ಈ ದಾರಿಯಲ್ಲಿ ಎಲ್ಲಿ ಮುಗ್ಗರಿಸಿತು ಅನ್ನೋದನ್ನೇ ಆ ನಂಬರ್ ಹೇಳೋದು.

ನಂಬರೇ ಬರದಿದ್ದರೆ

‘ಈ ಸೈಟ್ ತಲುಪಲು ಆಗುತ್ತಿಲ್ಲ’ ಎಂಬ ಸಂದೇಶ ಮಾತ್ರ ಬಂದು ಮೂರಂಕಿ ನಂಬರ್ ಇಲ್ಲದಿದ್ದರೆ ಕಚೇರಿಯಿಂದ ಉತ್ತರವೇ ಬಂದಿಲ್ಲ ಅಂತ ಅರ್ಥ. ಮೊದಲು ಬೇರೆ ಯಾವುದಾದರೂ ವೆಬ್‌ಸೈಟ್ ತೆರೆದು ನೋಡಿ. ಅದೂ ಬರದಿದ್ದರೆ ನಿಮ್ಮ ನೆಟ್‌ವರ್ಕ್ ಸಮಸ್ಯೆ. ಅದು ಬಂದರೆ, ಟೈಪ್ ಮಾಡಿದ ಹೆಸರಲ್ಲಿ ಒಂದಕ್ಷರ ತಪ್ಪಿದೆಯಾ ನೋಡಿ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಮ್ಮೆ ಪ್ರಯತ್ನಿಸಿ. ಎರಡರಲ್ಲೂ ಬರದಿದ್ದರೆ ಆ ಸೈಟೇ ಬಿದ್ದಿರುವ ಸಾಧ್ಯತೆ ಹೆಚ್ಚು.

‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಕೆಂಪು ಎಚ್ಚರಿಕೆ ಬಂದರೆ ಮೊದಲು ಮೊಬೈಲ್ ಅಥವಾ ಕಂಪ್ಯೂಟರಿನ ತಾರೀಖು, ಸಮಯ ಸರಿ ಇದೆಯಾ ನೋಡಿ. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಒಳಗಿನ ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿರುವುದು ಮಾಮೂಲು. ತಾರೀಖು ಸರಿ ಇದ್ದೂ ಎಚ್ಚರಿಕೆ ಬಂದರೆ ಆ ಪುಟದಲ್ಲಿ ಆಧಾರ್, ಬ್ಯಾಂಕ್ ವಿವರ, ಓಟಿಪಿ ಹಾಕಲೇಬೇಡಿ.

4ರಿಂದ ಶುರುವಾಗುವ ನಂಬರ್‌ಗಳು

404: ಕಚೇರಿ ಸಿಕ್ಕಿದೆ, ನೀವು ಕೇಳಿದ ಕೋಣೆ ಇಲ್ಲ. ಸರ್ವರ್ ಚೆನ್ನಾಗೇ ಇದೆ, ಹಾಗಾಗಿ ಕಾದು ಕೂತರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವರ್ಷದ ಹಿಂದೆ ಬಂದ ಲಿಂಕ್ ಆಗಿರಬಹುದು, ಇಲಾಖೆ ಸೈಟ್ ಹೊಸದು ಮಾಡಿದಾಗ ಒಳಗಿನ ವಿಳಾಸಗಳು ಬದಲಾಗಿರಬಹುದು. ಲಿಂಕ್‌ನ ಕೊನೆಗೆ ಪೂರ್ಣವಿರಾಮವೋ ಕನ್ನಡ ಅಕ್ಷರವೋ ಅಂಟಿಕೊಂಡು ಬಂದಿರಬಹುದು. ಓರೆಗೆರೆಯ ಮುಂದಿನ ಭಾಗದಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೂ ಅನೇಕ ಸೈಟ್‌ಗಳು 404 ಕೊಡುತ್ತವೆ. ಪರಿಹಾರ ಸುಲಭ: ಓರೆಗೆರೆಯ ಮುಂದಿನದ್ದೆಲ್ಲ ಅಳಿಸಿ ಮುಖಪುಟಕ್ಕೆ ಹೋಗಿ, ಅಲ್ಲಿಂದ ಬೇಕಾದ ಸೇವೆ ಹುಡುಕಿ.

400: ಅರ್ಜಿಯೇ ಅರ್ಥವಾಗ್ತಿಲ್ಲ ಅಂತ ಸರ್ವರ್ ಹೇಳುತ್ತಿದೆ. ಬ್ರೌಸರ್‌ನಲ್ಲಿ ಉಳಿದಿರುವ ಹಳೇ ಕುಕೀ ಕೂಡ ಕಾರಣವಾಗಬಹುದು. ಆ ಸೈಟಿನ ಕುಕೀ ಅಳಿಸಿ, ಅಥವಾ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿ ಬಂದರೆ ತೊಂದರೆ ನಿಮ್ಮ ಬ್ರೌಸರ್‌ನದ್ದೇ.

401 ಮತ್ತು 403: 401 ಅಂದರೆ ಮೊದಲು ನೀವು ಯಾರು ಅಂತ ತೋರಿಸಿ, ಅಂದರೆ ಮತ್ತೆ ಲಾಗಿನ್ ಆಗಿ. 403 ಅಂದರೆ ಒಳಗೆ ಬಿಡಲ್ಲ. ಮೊಬೈಲ್‌ನಲ್ಲಿ ವಿಪಿಎನ್ ಆನ್ ಇದ್ದರೆ ಆಫ್ ಮಾಡಿ. ಕೆಲವು ಸರ್ಕಾರಿ ಸೈಟ್‌ಗಳು ಹೊರದೇಶದಿಂದ ಬರುವ ವಿನಂತಿಯನ್ನ ತಡೆಯುತ್ತವೆ, ವಿಪಿಎನ್ ಇದ್ದರೆ ನೀವು ಊರಲ್ಲೇ ಕೂತಿದ್ದರೂ ಹೊರದೇಶದವರಂತೆ ಕಾಣಬಹುದು. ಗಲ್ಫ್‌ನಲ್ಲಿರುವ ಮಗ ಊರಿನ ದಾಖಲೆ ತೆಗೆಯೋಕೆ ಹೋದಾಗ ಸೈಟ್ ತೆರೆಯದಿದ್ದರೆ ಇದೂ ಒಂದು ಕಾರಣವಿರಬಹುದು.

413: ಫೈಲ್ ದೊಡ್ಡದಾಯ್ತು. ಈಗಿನ ಮೊಬೈಲ್ ಕ್ಯಾಮೆರಾದ ಒಂದು ಫೋಟೋ ಹಲವು ಎಂಬಿ ಇರುತ್ತೆ, ಅರ್ಜಿಯಲ್ಲಿ ಕೇಳಿರೋದು ಕೆಲವು ನೂರು ಕೆಬಿ ಮಾತ್ರ. ಅಳತೆ ಇಳಿಸಿ ಹಾಕಿ.

429: ಸ್ವಲ್ಪ ಹೊತ್ತಲ್ಲಿ ಬಹಳ ಸಲ ಕೇಳಿದ್ದೀರಿ, ನಿಲ್ಲಿ ಅಂತ. ರಿಫ್ರೆಶ್ ಒತ್ತುತ್ತಾ ಇದ್ದರೆ ಇನ್ನೂ ತಡವಾಗುತ್ತೆ. ಕೈ ತೆಗೆದು ಕೆಲ ನಿಮಿಷ ಬಿಡಿ.

5ರಿಂದ ಶುರುವಾಗುವ ನಂಬರ್‌ಗಳು

500 ಅಂದರೆ ಒಳಗಿನ ವಿಭಾಗದಲ್ಲೇ ಎಡವಟ್ಟಾಗಿದೆ. 502 ಅಂದರೆ ಬಾಗಿಲಿನ ಗುಮಾಸ್ತ ಒಳಗೆ ಕೇಳಿದ, ಒಳಗಿನಿಂದ ಬಂದ ಉತ್ತರ ಸರಿ ಇರಲಿಲ್ಲ. 503 ಅಂದರೆ ರಶ್ ಜಾಸ್ತಿ ಅಥವಾ ರಿಪೇರಿ ನಡೀತಿದೆ, ಆಮೇಲೆ ಬನ್ನಿ. 504 ಅಂದರೆ ಗುಮಾಸ್ತ ಒಳಗೆ ಕೇಳಿ ಕಾದ, ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ.

ಈ ನಾಲ್ಕರಲ್ಲೂ ಮೊಬೈಲ್ ಬದಲಿಸಿ, ಸಿಮ್ ಬದಲಿಸಿ, ಬೇರೆ ಸೆಂಟರ್‌ಗೆ ಓಡಿ ಪ್ರಯೋಜನ ಕಡಿಮೆ. ಎಲ್ಲರೂ ಹೋಗೋದು ಅದೇ ಸರ್ವರ್‌ಗೆ.

2023ರ ಜೂನ್ 18ರಂದು ಸೇವಾ ಸಿಂಧು ಮೂಲಕ ಗೃಹಜ್ಯೋತಿ ನೋಂದಣಿ ಶುರುವಾದಾಗ ರಾಜ್ಯದ ಜನ ಒಟ್ಟಿಗೇ ಮುಗಿಬಿದ್ದು ಸರ್ವರ್ ತೊಂದರೆ ಕಾಣಿಸಿಕೊಂಡಿದ್ದು ಹಲವರಿಗೆ ನೆನಪಿರಬಹುದು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಜನವರಿಯಲ್ಲಿ ಕೈಕೊಟ್ಟಾಗ ಕಾರಣ ಬೇರೆ ಇತ್ತು. ನಕಲಿ ಖಾತೆಗಳಿಂದ ಬೇಕಂತಲೇ ರಾಶಿ ರಾಶಿ ಹುಡುಕಾಟದ ವಿನಂತಿ ಕಳಿಸಿ ಸರ್ವರ್ ಕಟ್ಟಿಹಾಕಿದ್ದಾರೆ ಅಂತ ಸರ್ಕಾರದ ಕಡೆಯಿಂದ ಸೈಬರ್ ಪೊಲೀಸರಿಗೆ ದೂರು ಹೋಯಿತು. ಎರಡೂ ಕಡೆ ಉಪನೋಂದಣಿ ಕಚೇರಿ ಮುಂದೆ, ಸೇವಾ ಕೇಂದ್ರದ ಮುಂದೆ ನಿಂತವರಿಂದ ಸರಿಪಡಿಸೋಕೆ ಆಗುವಂಥದ್ದು ಏನೂ ಇರಲಿಲ್ಲ.

ದುಡ್ಡು ಕಟ್ಟುವಾಗ 504 ಬಂದರೆ

ಎಲ್ಲಕ್ಕಿಂತ ಜೋಪಾನ ಇಲ್ಲಿ ಬೇಕು. 504 ಅಂದರೆ ಉತ್ತರ ಬರಲಿಲ್ಲ ಅಂತ ಮಾತ್ರ. ಒಳಗೆ ಕೆಲಸ ಆಗಿಲ್ಲ ಅಂತ ಅರ್ಥವಲ್ಲ. ದುಡ್ಡು ಬ್ಯಾಂಕಿನಿಂದ ಹೋಗಿ, ಅರ್ಜಿಯೂ ದಾಖಲಾಗಿ, ‘ಆಯ್ತು’ ಅನ್ನೋ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಆಗ ರಿಫ್ರೆಶ್ ಒತ್ತಿದರೆ ಬ್ರೌಸರ್ ‘ಫಾರ್ಮ್ ಮತ್ತೆ ಕಳಿಸಬೇಕಾ’ ಅಂತ ಕೇಳುತ್ತೆ. ಬೇಡ ಅನ್ನಿ. ಹೌದು ಅಂದರೆ ಅದೇ ಅರ್ಜಿ, ಅದೇ ಶುಲ್ಕ ಎರಡನೇ ಸಲ ಹೋಗುವ ಸಾಧ್ಯತೆ ಇದೆ.

ಮೊದಲು ಬ್ಯಾಂಕ್ ಎಸ್‌ಎಂಎಸ್ ಅಥವಾ ಪಾಸ್‌ಬುಕ್ ನೋಡಿ. ದುಡ್ಡು ಕಟ್ಟಾಗಿದ್ದರೆ ವ್ಯವಹಾರದ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಸೈಟಿಗೆ ಹೊಸದಾಗಿ ಲಾಗಿನ್ ಆಗಿ ಅರ್ಜಿ ಸ್ಥಿತಿ ನೋಡಿ. ಅಲ್ಲಿ ಪಾವತಿ ತೋರಿಸಿದರೆ ಮುಗಿಯಿತು. ತೋರಿಸದಿದ್ದರೂ ತಕ್ಷಣ ಮತ್ತೆ ಕಟ್ಟೋದು ಬೇಡ, ಮಾರನೇ ದಿನದವರೆಗೆ ನೋಡಿ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೆ ಗಡುವು ಹಾಕಿದೆ. ಯುಪಿಐನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿದ ಹಣ ಖಾತೆಯಿಂದ ಕಡಿತವಾಗಿ ಎದುರಿನವರಿಗೆ ಜಮೆ ಆಗದಿದ್ದರೆ ವ್ಯವಹಾರದ ಮಾರನೇ ದಿನದೊಳಗೆ ವಾಪಸ್ ಆಗಬೇಕು. ಅಂಗಡಿಗೆ ಪಾವತಿಸಿದಾಗ ಹಣ ಕಡಿತವಾಗಿ ಅಂಗಡಿಗೆ ದೃಢೀಕರಣ ಬಾರದಿದ್ದರೆ 5 ದಿನದೊಳಗೆ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ ₹100ರಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448.

ಜಿಎಸ್‌ಟಿ ಕಟ್ಟುವವರಿಗೆ

ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20ನೇ ತಾರೀಖು ಕೊನೆ. ತಡವಾದರೆ ದಿನಕ್ಕೆ ₹50, ವ್ಯವಹಾರವೇ ಇಲ್ಲದ ಶೂನ್ಯ ರಿಟರ್ನ್ಸ್ ಆದರೆ ದಿನಕ್ಕೆ ₹20 ವಿಳಂಬ ಶುಲ್ಕ. ಪೋರ್ಟಲ್ ಕೈಕೊಟ್ಟರೆ ಗಡುವು ವಿಸ್ತರಿಸಿದ ಉದಾಹರಣೆ ಇದೆ. 2025ರ ಜನವರಿಯಲ್ಲಿ ಪೋರ್ಟಲ್ ಬಿದ್ದಾಗ ಡಿಸೆಂಬರ್ ತಿಂಗಳ ಜಿಎಸ್‌ಟಿಆರ್-1ರ ಕೊನೇ ದಿನ 11ರಿಂದ 13ಕ್ಕೆ, 3ಬಿ ಕೊನೇ ದಿನ 20ರಿಂದ 22ಕ್ಕೆ ಹೋಗಿತ್ತು. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. 17, 18ರೊಳಗೆ ಮುಗಿಸೋದೇ ಕ್ಷೇಮ.

ಚಲನ್ ಹಣ ಬ್ಯಾಂಕಿನಿಂದ ಹೋಗಿ ಪೋರ್ಟಲ್‌ನ ನಗದು ಲೆಡ್ಜರ್‌ನಲ್ಲಿ ಕಾಣದಿದ್ದರೆ ಹೊಸ ಚಲನ್ ಮಾಡೋ ಮುಂಚೆ 14 ಅಂಕಿಯ ಸಿಪಿಐಎನ್ ನಂಬರ್ ಹುಡುಕಿಟ್ಟುಕೊಳ್ಳಿ. ಪೋರ್ಟಲ್‌ನ ಪಾವತಿ ವಿಭಾಗದಲ್ಲೇ ಪಾವತಿ ದೂರು ಸಲ್ಲಿಸುವ ಪಿಎಂಟಿ-07 ನಮೂನೆ ಇದೆ.

ಅಂಗಡಿಗೆ ಸ್ವಂತ ವೆಬ್‌ಸೈಟ್ ಇದ್ದರೆ

ಈಗ ಬೇಕರಿ, ಬಟ್ಟೆ ಅಂಗಡಿ, ಲಾಡ್ಜ್‌ಗಳೂ ವೆಬ್‌ಸೈಟ್ ಮಾಡಿಸಿ ಕ್ಯೂಆರ್ ಕೋಡ್ ಅಂಟಿಸುತ್ತಿವೆ. ಗಿರಾಕಿ ಸ್ಕ್ಯಾನ್ ಮಾಡಿದಾಗ 404 ಬಂದರೆ ಅವರು ಫೋನ್ ಮಾಡಿ ಹೇಳಲ್ಲ, ಸುಮ್ಮನೆ ಪಕ್ಕದ ಅಂಗಡಿಗೆ ಹೋಗ್ತಾರೆ. ಇಲ್ಲಿ ಮಾತ್ರ 404 ಬಂದರೂ ಸರಿಪಡಿಸಬೇಕಾದವರು ಗಿರಾಕಿಯಲ್ಲ, ಅಂಗಡಿಯವರು.

ಸೈಟ್ ಹೊಸದು ಮಾಡಿಸಿದಾಗ ಹಳೇ ವಿಳಾಸಗಳಿಂದ ಹೊಸದಕ್ಕೆ ‘301 ರೀಡೈರೆಕ್ಟ್’ ಹಾಕಿ ಅಂತ ಮಾಡಿಕೊಟ್ಟವರಿಗೆ ಹೇಳಿ. ಮನೆ ಬದಲಿಸಿದಾಗ ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟಂತೆ ಇದು. ಹಾಕಿಸಿದರೆ ಹಳೇ ಕ್ಯೂಆರ್ ಮತ್ತೆ ಪ್ರಿಂಟ್ ಮಾಡಿಸೋ ಖರ್ಚಿಲ್ಲ.

ಇನ್ನೊಂದು ಮಾಮೂಲು ತೊಂದರೆ: ಮುಖಪುಟದಿಂದ ಒತ್ತಿಕೊಂಡು ಹೋದರೆ ಎಲ್ಲ ಪುಟ ತೆರೆಯುತ್ತೆ, ಒಳಗಿನ ಪುಟ ರಿಫ್ರೆಶ್ ಮಾಡಿದರೆ ಅಥವಾ ಅದರ ಲಿಂಕ್ ನೇರ ತೆರೆದರೆ 404. ರಿಯಾಕ್ಟ್‌ನಂಥ ತಂತ್ರಜ್ಞಾನದಲ್ಲಿ ಮಾಡಿದ ಸೈಟ್‌ಗಳಲ್ಲಿ ದಾರಿ ತೋರಿಸುವ ಕೆಲಸ ಬ್ರೌಸರ್ ಒಳಗೇ ನಡೆಯುತ್ತೆ, ಸರ್ವರ್‌ಗೆ ಆ ಒಳ ವಿಳಾಸಗಳೇ ಗೊತ್ತಿರಲ್ಲ. ‘ಯಾವ ಪುಟ ಕೇಳಿದರೂ ಮೊದಲು ಮುಖ್ಯ ಫೈಲ್ ಕೊಡು’ ಅನ್ನೋ ಒಂದು ರೀರೈಟ್ ನಿಯಮವನ್ನ ಸರ್ವರ್‌ನಲ್ಲಿ ಸೇರಿಸಿದರೆ ಸರಿಯಾಗುತ್ತೆ. ಗೊತ್ತಿರುವವರಿಗೆ ಸಣ್ಣ ಕೆಲಸ. ಇಷ್ಟಕ್ಕೇ ಇಡೀ ಸೈಟ್ ಹೊಸದಾಗಿ ಮಾಡಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಸೈಟ್ ಪೂರ್ತಿ ಮಾಯವಾಗಿದ್ದರೆ ಮೊದಲು ಡೊಮೇನ್ ನವೀಕರಣ ಆಗಿದೆಯಾ ಕೇಳಿ. ಇದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಟ್ಟುವ ಹಣ. ಡೊಮೇನ್ ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲೇ ಇರಲಿ.

ದೂರು ಹೇಳುವಾಗ

‘ಸೈಟ್ ಬರ್ತಿಲ್ಲ’ ಅಂತಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯಲ್ಲ. ಪೂರ್ತಿ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್, ಮೂರಂಕಿ ನಂಬರ್, ತಾರೀಖು, ಗಂಟೆ-ನಿಮಿಷ, ಯಾವ ಬಟನ್ ಒತ್ತಿದಾಗ ಬಂತು, ಇಷ್ಟು ಕೊಡಿ. ಸರ್ವರ್ ಒಳಗೆ ಪ್ರತಿ ವಿನಂತಿಯೂ ಸಮಯದ ಜೊತೆ ದಾಖಲಾಗುತ್ತೆ. ಗಂಟೆ-ನಿಮಿಷ ಗೊತ್ತಿದ್ದರೆ ತಪ್ಪು ಹುಡುಕೋದು ಸುಲಭ. ಅರ್ಜಿಯ ಕೊನೇ ದಿನ ತಪ್ಪಿದಾಗ ಅಧಿಕಾರಿಗಳ ಮುಂದೆ ಇಡೋಕೂ ಇದೇ ನಿಮ್ಮ ದಾಖಲೆ. ಆದರೆ ಸ್ಕ್ರೀನ್‌ಶಾಟ್‌ನಲ್ಲಿ ಆಧಾರ್ ನಂಬರ್, ಖಾತೆ ನಂಬರ್ ಇದ್ದರೆ ಮುಚ್ಚಿ ಕಳಿಸಿ.

ಎರರ್ ಬಂದ ಗಾಬರಿಯಲ್ಲಿ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ವಂಚಕರು ನಕಲಿ ನಂಬರ್ ಹಾಕಿ ಕಾಯೋದೇ ಇಂಥ ಹೊತ್ತಿಗೆ. ನಂಬರ್ ಬೇಕಾದರೆ ಆ ಸೈಟಿನ ಮುಖಪುಟದಿಂದ ಅಥವಾ ಪಾಸ್‌ಬುಕ್‌ನಿಂದ ತಗೊಳ್ಳಿ. ಹಣ ವಾಪಸ್ ಪಡೆಯೋಕೆ ಓಟಿಪಿ, ಯುಪಿಐ ಪಿನ್ ಯಾವತ್ತೂ ಬೇಕಿಲ್ಲ. ಯಾರಾದರೂ ಕೇಳಿದರೆ, ಮೊಬೈಲ್‌ಗೆ ಬೇರೆ ಆ್ಯಪ್ ಹಾಕಿಸಿ ಪರದೆ ತೋರಿಸಿ ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ 1930ಕ್ಕೆ ಕರೆ ಮಾಡಿ.