ವಾರಕ್ಕೆ ಒಂದೂವರೆ ಗಂಟೆ, ಉಳಿದದ್ದೆಲ್ಲ ಮನೆಯಲ್ಲೇ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಅದು ಹರಟೆಯಲ್ಲೇ ಮುಗಿದುಹೋಗುವ ದಾರಿ. ಆದರೆ ನಾಲ್ಕು ವರ್ಷ ತುಂಬಿದರೂ ಕುತ್ತಿಗೆ ನಿಲ್ಲದ ಮಗುವನ್ನು ಸೊಂಟದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಗಂಜಿಯ ಡಬ್ಬಿ, ಹೆಗಲಿಗೆ ಚೀಟಿಗಳ ಚೀಲ ಏರಿಸಿಕೊಂಡು ಬಸ್ಸು ಹತ್ತುವ ತಾಯಿಗೆ ಅದೇ ದಾರಿ ಅರ್ಧ ದಿನದ ಯಾತ್ರೆ. ಆಸ್ಪತ್ರೆಯಲ್ಲಿ ಸರದಿ ಕಾಯಬೇಕು, ಮುಕ್ಕಾಲು ಗಂಟೆ ವ್ಯಾಯಾಮ ಮಾಡಿಸಿಕೊಳ್ಳಬೇಕು, ಮಗು ಹಸಿದು ಅಳುವ ಮೊದಲು ಮತ್ತೆ ಬಸ್ಸು ಹಿಡಿಯಬೇಕು. ವಾರಕ್ಕೆ ಎರಡು ಬಾರಿ ಹೀಗೆ ಬರುವುದೆಂದರೆ ಕೂಲಿಗೆ ಹೋಗುವ ಮನೆಯಲ್ಲಿ ಎರಡು ದಿನದ ದುಡಿಮೆ ಹೋದಂತೆಯೇ.

ಈಗ ಒಂದು ಸಣ್ಣ ಲೆಕ್ಕ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಾಗಿರುತ್ತದೆ ಎಂದಿಟ್ಟುಕೊಂಡರೆ ವಾರಕ್ಕೆ 84 ಗಂಟೆ. ಅದರಲ್ಲಿ ತಜ್ಞರ ಕೈಯಲ್ಲಿ ಇರುವುದು ಒಂದೂವರೆ ಗಂಟೆ ಮಾತ್ರ. ಉಳಿದ ಎಂಬತ್ತೆರಡೂವರೆ ಗಂಟೆಗಳಲ್ಲಿ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ಹೇಗೆ ಕೂರಿಸಿ ಉಣಿಸುತ್ತಾರೆ, ಅದರೊಂದಿಗೆ ಏನು ಮಾತನಾಡುತ್ತಾರೆ ಎಂಬುದರ ಮೇಲೆಯೇ ಆ ಒಂದೂವರೆ ಗಂಟೆಯ ಫಲ ನಿಂತಿರುತ್ತದೆ. ವಿಶೇಷ ಚೇತನ ಮಕ್ಕಳ ವಿಷಯದಲ್ಲಿ ಮನೆಯವರ ತರಬೇತಿಗೆ ಇಷ್ಟೊಂದು ಮಹತ್ವ ಬಂದಿರುವುದು ಇದೇ ಕಾರಣಕ್ಕೆ.

ಒಳಲೆಯಿಂದ ಗುಂಡಿಯವರೆಗೆ

ತರಬೇತಿ ಎಂದೊಡನೆ ದೊಡ್ಡ ಯಂತ್ರಗಳು, ಇಂಗ್ಲಿಷ್ ಪುಸ್ತಕಗಳು ಎಂದು ಹೆದರಬೇಕಾಗಿಲ್ಲ. ಕಲಿಯಬೇಕಾದದ್ದರಲ್ಲಿ ಬಹುಪಾಲು ಅಡುಗೆಮನೆ, ಬಚ್ಚಲುಮನೆ, ಜಗಲಿಯಲ್ಲೇ ಇದೆ.

ಊಟವನ್ನೇ ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಹಾಲು ಕುಡಿಸುವುದು ಹಳೆಯ ರೂಢಿ. ಸೆರೆಬ್ರಲ್ ಪಾಲ್ಸಿ ಇರುವ ಮಗು ಮೂರು ನಾಲ್ಕು ವರ್ಷವಾದರೂ ಅಗಿಯಲಾರದು ಎಂದು ಅದೇ ರೀತಿ ಮಲಗಿಸಿ ಗಂಜಿ ಸುರಿಯುವವರು ಇದ್ದಾರೆ. ತಲೆ ಹಿಂದಕ್ಕೆ ವಾಲಿದಾಗ ಗಂಜಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುವ ಅಪಾಯ ಹೆಚ್ಚು. ಪದೇ ಪದೇ ಕೆಮ್ಮು, ಕಫ, ನ್ಯುಮೋನಿಯ ಎಂದು ಆಸ್ಪತ್ರೆ ಸುತ್ತುವ ಮಕ್ಕಳಲ್ಲಿ ಕೆಲವರ ತೊಂದರೆಯ ಮೂಲ ಇಲ್ಲೇ ಇರುತ್ತದೆ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಬೇಕು. ಗಲ್ಲ ಸ್ವಲ್ಪ ಕೆಳಗೆ ಬಾಗಿರಬೇಕು. ಚಮಚ ಮೇಲಿನಿಂದ ಬರದೆ ಎದುರಿನಿಂದ ಬರಬೇಕು. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಹೇಳಲು ಎರಡು ನಿಮಿಷ ಸಾಕು. ಆದರೆ ಮನೆಯ ಅಜ್ಜಿಗೆ ಅದನ್ನು ಒಪ್ಪಿಸಿ ರೂಢಿ ಮಾಡಿಸಲು ಎರಡು ತಿಂಗಳಾದರೂ ಬೇಕು! ತಾಯಿಯೊಬ್ಬಳಿಗೇ ಕಲಿಸಿದರೆ ಸಾಲದು ಎನ್ನುವುದು ಅದಕ್ಕೇ. ಹಗಲು ಮಗುವನ್ನು ನೋಡಿಕೊಳ್ಳುವವರು ಯಾರೋ ಅವರೂ ಬಂದು ಕುಳಿತು ಕಲಿಯಬೇಕು.

ಬೌದ್ಧಿಕ ಬೆಳವಣಿಗೆ ನಿಧಾನವಾದ ಮಗುವಿಗೆ ಅಂಗಿ ಹಾಕಿಕೊಳ್ಳುವುದನ್ನು ಕಲಿಸಲು ತಜ್ಞರು ಬಳಸುವ ಉಪಾಯ ಇನ್ನೂ ಸ್ವಾರಸ್ಯದ್ದು. ಅವರು ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಹಿಂದಿನಿಂದ ಆರಂಭಿಸುತ್ತಾರೆ. ತೋಳು ತೂರಿಸಿ, ಗುಂಡಿಗಳನ್ನೆಲ್ಲ ಅಮ್ಮನೇ ಹಾಕಿ, ಕೊನೆಯ ಗುಂಡಿಯನ್ನು ಮಾತ್ರ ಅರ್ಧ ತೂರಿಸಿ ಬಿಡುತ್ತಾಳೆ. ಎಳೆಯುವ ಕೆಲಸ ಮಗುವಿನದು. ಅದು ಬಂದ ಮೇಲೆ ಕೊನೆಯ ಎರಡು ಗುಂಡಿ, ಆಮೇಲೆ ಮೂರು. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ. 'ಬಿಡು, ಹೊತ್ತಾಯಿತು, ನಾನೇ ಹಾಕುತ್ತೇನೆ' ಎನ್ನುವುದು ಪ್ರೀತಿಯ ಮಾತೇ ಹೌದು. ಆದರೆ ಆ ಪ್ರೀತಿಯಿಂದಲೇ ಹದಿನೈದು ವರ್ಷದ ಹುಡುಗನಿಗೂ ಅಮ್ಮನೇ ಗುಂಡಿ ಹಾಕುವಂತಾಗುತ್ತದೆ.

ಕಿವಿ ಕೇಳದ ಮಗುವಿನ ವಿಷಯದಲ್ಲಿ ಕಾಲವೇ ದೊಡ್ಡ ಶತ್ರು. ಮಾತು ಕಲಿಯುವ ಶಕ್ತಿ ಮೊದಲ ಕೆಲವು ವರ್ಷಗಳಲ್ಲಿ ಇರುವಷ್ಟು ಮುಂದೆ ಇರುವುದಿಲ್ಲ. ಶ್ರವಣ ಸಾಧನವನ್ನು 'ಕಳೆದುಹೋದೀತು' ಎಂದು ಬೀರುವಿನಲ್ಲಿಟ್ಟು ನೆಂಟರು ಬಂದಾಗ ಹಾಕಿದರೆ ಏನೂ ಪ್ರಯೋಜನವಿಲ್ಲ. ಎಚ್ಚರವಿರುವಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು. ಬದನೆಕಾಯಿ ಹೆಚ್ಚುವಾಗ ಬದನೆಕಾಯಿಯ ಮಾತು, ಸ್ನಾನಕ್ಕೆ ನೀರು ತೋಡುವಾಗ ನೀರಿನ ಮಾತು, ಹೀಗೆ ಕಣ್ಣೆದುರಿನ ಕೆಲಸವನ್ನೇ ಮುಖ ತೋರಿಸಿ ಮತ್ತೆ ಮತ್ತೆ ಹೇಳುತ್ತಿರಬೇಕು. ಕಾಕ್ಲಿಯರ್ ಇಂಪ್ಲಾಂಟ್ ಆದ ಮಕ್ಕಳಿಗೂ ಇದು ತಪ್ಪಿದ್ದಲ್ಲ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯಬಹುದು, ಕೇಳಿದ್ದು ಅರ್ಥವಾಗಲು ವರ್ಷಗಳ ಅಭ್ಯಾಸ ಬೇಕು.

ಅಮ್ಮಂದಿರಿಗೊಂದು ಶಾಲೆ

ಮನೆಯವರನ್ನೇ ಶಿಕ್ಷಕರನ್ನಾಗಿಸುವ ಯೋಚನೆ ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಊರಿನಲ್ಲಿ 1969ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಹಳ್ಳಿಗಾಡಿನ ಮಕ್ಕಳು ದೂರದ ಕೇಂದ್ರಕ್ಕೆ ಬರಲಾರರು ಎಂದು ಕಾರ್ಯಕರ್ತೆಯೇ ವಾರಕ್ಕೊಮ್ಮೆ ಮನೆಗೆ ಹೋಗುತ್ತಿದ್ದಳು. ಒಂದೆರಡು ಪಾಠ ತೋರಿಸಿಕೊಟ್ಟು, ತಾಯಿ ದಿನವೂ ಗುರುತು ಹಾಕಲು ಒಂದು ಹಾಳೆ ಬಿಟ್ಟು ಬರುತ್ತಿದ್ದಳು. ಆ ಪದ್ಧತಿ ಪೋರ್ಟೇಜ್ ಹೆಸರಿನಲ್ಲೇ ಭಾರತವೂ ಸೇರಿ ಹಲವು ದೇಶಗಳಿಗೆ ಹಬ್ಬಿತು. 1989ರಲ್ಲಿ ಚೆನ್ನೈನಲ್ಲಿ ಆರಂಭವಾದ ಮಧುರಂ ನಾರಾಯಣನ್ ಕೇಂದ್ರ 'ಉಪನಯನ' ಎಂಬ ಕಾರ್ಯಕ್ರಮ ರೂಪಿಸಿತು. ಅಲ್ಲಿ ಮಗುವಿನೊಂದಿಗೆ ಪೋಷಕರೂ ಕುಳಿತು ಕಲಿಯುತ್ತಾರೆ.

ಕನ್ನಡ ನಾಡಿಗೆ ಹತ್ತಿರದ ಉದಾಹರಣೆ ಮೈಸೂರಿನದು. 1960ರ ದಶಕದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂದ ಊರದು. ಅಲ್ಲಿ ಕಿವುಡು ಮಕ್ಕಳ ಪೋಷಕರ ಸಂಘವೊಂದು ತಾಯಂದಿರಿಗಾಗಿಯೇ ಶಾಲೆ ನಡೆಸಿದೆ. ಬೇರೆ ಊರುಗಳ ತಾಯಂದಿರು ಮಗುವಿನೊಂದಿಗೆ ಮೈಸೂರಿನಲ್ಲೇ ಮನೆ ಮಾಡಿ, ತರಗತಿಯಲ್ಲಿ ಮಗುವಿನ ಪಕ್ಕದಲ್ಲಿ ಕುಳಿತು ಕಲಿತದ್ದಿದೆ. ಗಂಡನನ್ನೂ ಇತರ ಮಕ್ಕಳನ್ನೂ ಊರಿನಲ್ಲಿ ಬಿಟ್ಟು ಹಾಗೆ ಇರುವುದು ಸುಲಭದ ಮಾತಲ್ಲ. ಎಲ್ಲ ಮನೆಗಳಿಗೂ ಅದು ಸಾಧ್ಯವಾಗುವುದೂ ಇಲ್ಲ. ಹಾಗಾಗಿ ವಿದ್ಯೆಯೇ ಮನೆಯ ಹತ್ತಿರ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ಪಾಲಕರ ಕೌಶಲ ತರಬೇತಿಯಲ್ಲಿ ಒಂಬತ್ತು ಗುಂಪು ತರಗತಿಗಳು, ಮೂರು ಮನೆ ಭೇಟಿಗಳು ಇವೆ. ತಜ್ಞರೇ ಆಗಬೇಕೆಂದಿಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರೂ ಅದನ್ನು ನಡೆಸಬಹುದು.

ಕಲಿಸುವವರೂ ಕಲಿಯಬೇಕು

ತರಬೇತಿ ತಾಯಿಗೆ ಮಾತ್ರ ಬೇಕು ಎಂದುಕೊಳ್ಳುವುದು ಅರ್ಧ ಸತ್ಯ. ಗಡಿಬಿಡಿಯಲ್ಲಿ 'ದಿನಾ ಮೂರು ಸಲ ಮಾಡಿಸಿ' ಎಂದು ಚೀಟಿ ಬರೆದುಕೊಡುವ ತಜ್ಞರು, ಆ ಮನೆಯಲ್ಲಿ ಮಗುವನ್ನು ಕೂರಿಸಲು ಕುರ್ಚಿ ಇದೆಯೇ, ಬೆಳಗಿನ ಹೊತ್ತು ಯಾರಿರುತ್ತಾರೆ ಎಂದು ಕೇಳುವುದು ಅಪರೂಪ. ಪಾಳಿಯ ಸೈರನ್ನಿಗೆ ಬೆಳೆದ ಊರು ಭದ್ರಾವತಿ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಬೆಳಿಗ್ಗೆ ಹತ್ತಕ್ಕೆ ವ್ಯಾಯಾಮ ಮಾಡಿಸಲಾರ, ಸಂಜೆ ನಾಲ್ಕಕ್ಕೆ ಮಾಡಿಸಬಲ್ಲ. ಇದನ್ನು ತಿಳಿದು ಪಾಠ ಹೊಂದಿಸುವುದೂ ಒಂದು ವೃತ್ತಿ ಕೌಶಲವೇ. ತಾಯಿಗೆ ಮಾಡಿ ತೋರಿಸಿ, ಆಮೇಲೆ ಅವಳ ಕೈಯಲ್ಲೇ ಮಾಡಿಸಿ ನೋಡದೆ ಕಳಿಸಿದರೆ ಚೀಟಿ ಚೀಲದಲ್ಲೇ ಉಳಿಯುತ್ತದೆ.

ಸರ್ಕಾರದ ಕಡೆಯಿಂದ ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಬೆಳವಣಿಗೆ ಕುಂಠಿತವಾದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕೆಂಬುದು ಅದರ ನಿಯಮ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಶೇಷ ಚೇತನ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನೂ ಹೊರತಂದಿತು. ಶಿಕ್ಷಣ ಇಲಾಖೆಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾರದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಈ ಕಾರ್ಯಕರ್ತರು ತಾವೇ ಅಂಗವೈಕಲ್ಯದೊಂದಿಗೆ ಬದುಕಿದವರಾದ್ದರಿಂದ ಮನೆಯವರ ಕಷ್ಟ ಅವರಿಗೆ ಬೇಗ ಅರ್ಥವಾಗುತ್ತದೆ. ಆದರೆ ಅವರ ಹೊತ್ತು ಹೆಚ್ಚಾಗಿ ಗುರುತಿನ ಚೀಟಿ, ಮಾಸಾಶನದ ಅರ್ಜಿಗಳಲ್ಲೇ ಕಳೆದುಹೋಗುತ್ತದೆ. ಮಗುವನ್ನು ಕೂರಿಸುವ ಬಗೆಯನ್ನು ಅವರಿಗೂ ಕಲಿಸಿದರೆ ಅರ್ಜಿ ತೆಗೆದುಕೊಂಡು ಹೋದ ಮನೆಯಲ್ಲೇ ಒಂದು ಪಾಠವೂ ನಡೆದೀತು.

ಪಿಯುಸಿ ಮುಗಿಸಿ ಮುಂದೇನು ಎನ್ನುವ ವಿದ್ಯಾರ್ಥಿಗಳೂ ಇತ್ತ ನೋಡಬಹುದು. ವಿಜ್ಞಾನ ಓದಿದವರಿಗೆ ವಾಕ್ ಶ್ರವಣ ಪದವಿ, ಫಿಸಿಯೋಥೆರಪಿ ಇವೆ. ಉಳಿದವರಿಗೆ ವಿಶೇಷ ಶಿಕ್ಷಣದ ಡಿಪ್ಲೊಮಾ, ಪದವಿಯ ನಂತರ ವಿಶೇಷ ಬಿ.ಇಡಿ. ಇವೆ. ವಾಕ್ ಶ್ರವಣ ಮತ್ತು ವಿಶೇಷ ಶಿಕ್ಷಣದ ಕೋರ್ಸುಗಳಿಗೆ 1992ರ ಕಾಯ್ದೆಯಂತೆ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಪರಿಷತ್ತಿನಲ್ಲಿ ನೋಂದಣಿ ಇಲ್ಲದವರು ಈ ವೃತ್ತಿ ನಡೆಸುವಂತಿಲ್ಲ. ಪೋಷಕರೂ 'ಥೆರಪಿ' ಬೋರ್ಡು ಕಂಡಲ್ಲೆಲ್ಲ ನುಗ್ಗದೆ ನೋಂದಣಿ ಸಂಖ್ಯೆ ಕೇಳುವುದು ಒಳ್ಳೆಯದು. ಕೇಳಿದರೆ ಯಾರೂ ತಪ್ಪು ತಿಳಿಯಬಾರದು.

ಹದಿನೆಂಟು ತುಂಬಿದ ಮೇಲೆ

ತರಬೇತಿ ಶಿಬಿರಗಳಲ್ಲಿ ಬಿಟ್ಟುಹೋಗುವ ವಿಷಯ ಇನ್ನೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ವಿಧಗಳನ್ನು ಏಳರಿಂದ 21ಕ್ಕೆ ಏರಿಸಿತು. ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಕ್ಕಳಿಗೆ ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಆದರೆ ಹದಿನೆಂಟು ತುಂಬಿದ ದಿನವೇ ಮಗ ಅಥವಾ ಮಗಳು ಕಾನೂನಿನ ಕಣ್ಣಲ್ಲಿ ವಯಸ್ಕರು. ಅಪ್ಪ ಅಮ್ಮನ ಸಹಜ ಪೋಷಕತ್ವ ಅಲ್ಲಿಗೆ ಮುಗಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಅಗತ್ಯವಿದ್ದಲ್ಲಿ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅವಕಾಶವಿದೆ. ಇದೇ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ. ಅದರಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲಿದೆ. ಬ್ಯಾಂಕಿನ ಕೌಂಟರಿನಲ್ಲಿ ಸಹಿ ಸಮಸ್ಯೆ ಎದುರಾದಾಗ ಓಡಾಡುವ ಬದಲು ಹದಿನೇಳರಲ್ಲೇ ಕಾಗದಪತ್ರ ಜೋಡಿಸಿಟ್ಟುಕೊಳ್ಳುವುದು ಜಾಣತನ. ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿಗೆ. ಭದ್ರಾವತಿಯವರು ಅದಕ್ಕೂ ಶಿವಮೊಗ್ಗದ ಬಸ್ಸನ್ನೇ ಹತ್ತಬೇಕು.